ಮಗುಚಿದ ಕಯಾಕ್ ನೆಟ್ಟಗೆ ನಿಂತರೆ

ಪ್ರಶ್ನೆ: 4 ಮಿ.ಮೀ. ಮರೈನ್ ಪ್ಲೈವುಡ್‌ನಿಂದ 14 ಅಡಿಯ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಮಾಡಿದ್ದೇವೆ. ಹಿಂತುದಿಗೆ ಮಾತ್ರ ಥರ್ಮಾಕೋಲ್ ತುಂಬಿದ್ದೇವೆ. ಸೀತಾ ನದಿಯಲ್ಲಿ ಬೇಕೆಂದೇ ಮಗುಚಿ ನೋಡಿದರೆ ಮುಂತುದಿ ಮುಳುಗಿ, ದೋಣಿ ನೆಟ್ಟಗೆ ನಿಂತಿತು. ಇನ್ನೆಷ್ಟು ಥರ್ಮಾಕೋಲ್ ಬೇಕು?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಹಿಂದೆ ಇನ್ನಷ್ಟು ತುರುಕಿದರೆ ದೋಣಿ ಇನ್ನೂ ನೆಟ್ಟಗೆ ನಿಲ್ಲುತ್ತದೆ! ಎರಡೂ ತುದಿಗೆ ಹೆಚ್ಚುಕಡಿಮೆ ಸಮನಾಗಿ ಕೊಡಿ. ಪ್ಲೈವುಡ್ ಹೇಗೂ ತೇಲುತ್ತದೆ. ಕಾಟ ಕೊಡುವುದು ಒಳಗೆ ನುಗ್ಗುವ ನೀರು. 200 ಲೀಟರ್ ತುಂಬಿದರೆ 200 ಕಿಲೋ, ಎತ್ತಿ ಬಸಿಯಲು ಇಬ್ಬರಿಂದಲೂ ಆಗದು. ಗಾಳಿ ಕೂತ ಜಾಗಕ್ಕೆ ನೀರು ಬರುವುದಿಲ್ಲ, ಲೆಕ್ಕ ಇಷ್ಟೇ.

ಒಳ್ಳೆಯ ದಾರಿಯೆಂದರೆ ಅಡ್ಡಗೋಡೆ. ಮುಂತುದಿಯಿಂದ ಸುಮಾರು 4 ಅಡಿ ಒಳಗೆ, ಅದೇ ಪ್ಲೈವುಡ್‌ನ ಹಲಗೆ ಕೂರಿಸಿ. ಆ ಜಾಗದಲ್ಲಿ ಅಗಲ 50, ಎತ್ತರ 25 ಸೆಂ.ಮೀ. ಇದ್ದರೆ ಅಂದಾಜು 50 ಲೀಟರ್ ಗಾಳಿ ಸಿಗುತ್ತದೆ. ಹಿಂದೆಯೂ ಅಷ್ಟೇ ಮಾಡಿ. ಅಂಚಿನ ಸುತ್ತ ಎಪಾಕ್ಸಿಗೆ (ಎರಡು ದ್ರವ ಬೆರೆಸಿ ಗಟ್ಟಿಯಾಗುವ ಅಂಟು) ಮರದ ಹಿಟ್ಟು ಕಲಸಿ ಮೂಲೆ ದುಂಡಗಾಗುವಂತೆ ಮೆತ್ತಿ, ಮೇಲೆ 2 ಇಂಚಿನ ಗ್ಲಾಸ್ ಟೇಪ್ (ಗಾಜಿನ ನೂಲಿನ ಪಟ್ಟಿ) ಹಾಕಿ. ಸೋರುವುದು ಸಾಮಾನ್ಯವಾಗಿ ಹಲಗೆ ಡೆಕ್ಕಿಗೆ (ದೋಣಿಯ ಮೇಲಿನ ಮುಚ್ಚಿಗೆ) ಸೇರುವ ಮೇಲಂಚಿನಲ್ಲಿ, ಯಾಕೆಂದರೆ ಅಲ್ಲಿಗೆ ಕೈ ಎಟುಕುವುದಿಲ್ಲ. ಆದ್ದರಿಂದ ಡೆಕ್ ಮುಚ್ಚುವ ಮೊದಲೇ ಗೋಡೆ ಕೂರಿಸುವುದು ವಾಸಿ. ನಿಮ್ಮದು ಮುಚ್ಚಿಯಾಗಿದ್ದರೆ 6 ಇಂಚಿನ ತಿರುಪು ಮುಚ್ಚಳದ ಕಿಂಡಿ ಇಟ್ಟು, ಅದರೊಳಗಿಂದ ಮೆತ್ತಬೇಕು. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಅಂಟು ಬಿಡಿಸುತ್ತದೆ, ಹಾಗಾಗಿ ಗೋಡೆಯ ಮೇಲ್ಭಾಗದಲ್ಲಿ 2 ಮಿ.ಮೀ. ತೂತು ಇರಲಿ. ಗೋಡೆ ಸೋರಿದರೂ ಕೈಬಿಡದಂತೆ, ಕಿಂಡಿಯಲ್ಲಿ ಹಿಡಿಸುವ ನಾಲ್ಕೈದು ಖಾಲಿ ನೀರಿನ ಬಾಟಲಿ ಒಳಗೆ ಹಾಕಿಡಿ.

ಗೋಡೆ ಬೇಡವೆಂದರೆ ಬರೀ ಬಾಟಲಿ ಸಾಕೇ? ಆಗುತ್ತದೆ, ಆದರೆ ಸಂದುಗಳಲ್ಲಿ ನೀರು ಉಳಿಯುತ್ತದೆ. 50 ಲೀಟರ್ ಜಾಗದಲ್ಲಿ 2 ಲೀಟರಿನ ಹದಿನೈದು ಹಿಡಿಸಿದರೆ ಹೆಚ್ಚು. ಬಲೆ ಹಾಕಿ ಬಿಗಿಯಾಗಿ ಕಟ್ಟದಿದ್ದರೆ, ಮಗುಚಿದಾಗ ಹೊರಬಂದು ನದಿ ಪಾಲಾಗುತ್ತವೆ.

ಥರ್ಮಾಕೋಲ್ ಬಗ್ಗೆ ಎಚ್ಚರ: ಪಾಲಿಯೆಸ್ಟರ್ ರೆಸಿನ್, ಪೆಟ್ರೋಲ್ ತಗುಲಿದರೆ ಅದು ಕರಗಿಹೋಗುತ್ತದೆ, ಎಪಾಕ್ಸಿಗೆ ಏನೂ ಆಗದು. ಟಿವಿ ಡಬ್ಬದ ಬಿಳಿ ಕಾಳಿನದು ಉಜ್ಜಿದಂತೆ ಉದುರುತ್ತದೆ, ಕಾಲಕ್ರಮೇಣ ನೀರನ್ನೂ ಹೀರುತ್ತದೆ. ಸುರಿದು ಉಬ್ಬಿಸುವ ಪಿಯು (ಪಾಲಿಯುರೆಥೇನ್) ಫೋಮ್ ಇನ್ನೂ ಬೇಡ, ಒದ್ದೆಯನ್ನು ಪ್ಲೈವುಡ್‌ಗೆ ಒತ್ತಿ ಹಿಡಿದು ಕೊಳೆಸುತ್ತದೆ. ಯಾವುದನ್ನೇ ತುಂಬಿದರೂ ಡೆಕ್ಕಿನ ಕೆಳಗೆ, ಮೇಲಕ್ಕೆ ಕಟ್ಟಿ. ತಳದಲ್ಲಿಟ್ಟರೆ ನೀರು ತುಂಬಿದ ದೋಣಿ ಹೊಟ್ಟೆ ಮೇಲೆ ಮಾಡಿ ಉರುಳುತ್ತದೆ.

ಮುಗಿದ ಮೇಲೆ ಸೊಂಟದಾಳದ ನೀರಲ್ಲಿ ನಡುಭಾಗವನ್ನು ಪೂರ್ತಿ ತುಂಬಿಸಿ, ಒಬ್ಬರು ಕೂತು ನೋಡಿ. ಎರಡೂ ತುದಿ ಒಂದೇ ಮಟ್ಟಕ್ಕೆ ನಿಲ್ಲಬೇಕು. ಮನೆಗೆ ತಂದಾಗ ಕಿಂಡಿ ಮುಚ್ಚಳ ತೆಗೆದಿಡಿ, ಒಳಗಿನ ಪಸೆ ಒಣಗಲಿ.