ಜಾಕ್ಸನ್ ಹಾಲಿಡೇ ತಮ್ಮ ಮೇಲಿನ ನಿರೀಕ್ಷೆ ಉಳಿಸಿಕೊಳ್ಳಬಲ್ಲರೇ?

ಉಳಿಸಿಕೊಳ್ಳುತ್ತಾರೆ ಎಂದೇ ನನ್ನ ನಂಬಿಕೆ, ಆದರೆ ಅವಸರ ಬೇಡ. ಅಮೆರಿಕದ ಬೇಸ್‌ಬಾಲ್ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2022ರಲ್ಲಿ, ಎಲ್ಲರಿಗಿಂತ ಮೊದಲು ಆಯ್ಕೆಯಾದ ಇವರನ್ನು ಬಾಲ್ಟಿಮೋರ್ ಓರಿಯೋಲ್ಸ್ ತಂಡ 2024ರ ಏಪ್ರಿಲ್‌ನಲ್ಲಿ, 20ನೇ ವಯಸ್ಸಿಗೇ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ಆಡಿಸಿತು. ಮೊದಲ 10 ಪಂದ್ಯಗಳ 34 ಅಟ್-ಬ್ಯಾಟ್‌ಗಳಲ್ಲಿ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿಗಳು) ಬರೀ 2 ಹಿಟ್ (ಬೇಸ್ ತಲುಪಿಸುವ ಹೊಡೆತ), 18 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್). ಮತ್ತೆ ಕೆಳ ಹಂತದ ಮೈನರ್ ಲೀಗ್‌ಗೆ ಹೋಗಬೇಕಾಯಿತು.

ಇಲ್ಲಿ ಹಿಟ್‌ಗಿಂತ ಸ್ಟ್ರೈಕ್‌ಔಟ್ ಮೇಲೆ ಕಣ್ಣಿಡಿ. ಹಿಟ್‌ನಲ್ಲಿ ಅದೃಷ್ಟದ ಪಾಲು ದೊಡ್ಡದು. ಚೆಂಡು ಫೀಲ್ಡರ್ ಕೈಗೆ ನೇರ ಹೋದರೆ ಒಳ್ಳೆಯ ಹೊಡೆತವೂ ವ್ಯರ್ಥ. ಹಾಗಾಗಿ ಬ್ಯಾಟಿಂಗ್ ಸರಾಸರಿ (ಹಿಟ್‌ಗಳನ್ನು ಅಟ್-ಬ್ಯಾಟ್‌ಗಳಿಂದ ಭಾಗಿಸಿದ ಸಂಖ್ಯೆ) ನಂಬಲು ಒಂದು ಸೀಸನ್ ಕೂಡ ಸಾಲದು. ಸ್ಟ್ರೈಕ್‌ಔಟ್ ಪ್ರಮಾಣ ಸುಮಾರು 60 ಸರದಿಗಳಲ್ಲೇ ನಿಜ ಹೇಳತೊಡಗುತ್ತದೆ. 2025ರಲ್ಲಿ ಅದು ಚೆನ್ನಾಗಿಯೇ ಇಳಿಯಿತು, 17 ಹೋಮ್ ರನ್ (ಬ್ಯಾಟರ್ ಎಲ್ಲ ಬೇಸ್ ಸುತ್ತಿ ಬರುವ ದೊಡ್ಡ ಹೊಡೆತ) ಬಂದವು.

ಎಲ್ಲರೂ ಬೇಸ್‌ಬಾಲ್ ದಿಗ್ಗಜ ಮೈಕ್ ಟ್ರೌಟ್ ಆಗುವುದಿಲ್ಲ, ನಿಜ. ಆದರೆ 2011ರ 40 ಪಂದ್ಯಗಳಲ್ಲಿ ಅವರ ಸರಾಸರಿಯೂ .220 ಮಾತ್ರ, ಮರುವರ್ಷ .326, ಜೊತೆಗೆ 30 ಹೋಮ್ ರನ್.