ಹೊರಹೋಗಲು ಒಂದೇ ದಾರಿಯಿರುವ ಬಡಾವಣೆಗೆ ತುರ್ತು ತೆರವು ಯೋಜನೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಸುಮಾರು 300 ಮನೆಗಳ ಬಡಾವಣೆ, ವಾಹನಗಳಿಗೆ ಒಂದೇ ದಾರಿ. ಬೆಂಕಿಯೋ ಪ್ರವಾಹವೋ ಬಂದರೆ ಎಲ್ಲರನ್ನೂ ಹೊರಗೆ ಕಳಿಸುವ ಯೋಜನೆ ತಯಾರಿಸಿ ಎಂದು ನಿವಾಸಿಗಳ ಸಂಘ ನಿಮಗೆ ಒಪ್ಪಿಸಿದೆ. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನಾನು ಅಗ್ನಿಶಾಮಕ ದಳದಲ್ಲಿ ಇದ್ದವಳಲ್ಲ. ನಾನಿರುವ ಬಡಾವಣೆಯಲ್ಲಿ ಆರು ವರ್ಷದಿಂದ ಈ ಜವಾಬ್ದಾರಿ ಹೊತ್ತಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ: ಎಲ್ಲರಿಗಿಂತ ಕೊನೆಗೆ ಮನೆಯಿಂದ ಹೊರಬರುವವರು ಯಾರೋ ಅವರಿಂದ ಶುರು ಮಾಡಿ. ನಕ್ಷೆ, ಬಾಣದ ಗುರುತು, ಸೈರನ್ ಎಲ್ಲ ಆಮೇಲೆ.

ಮೊದಲ ವರ್ಷ ನಾನು ಮಾಡಿದ್ದು ಇದಕ್ಕೆ ತದ್ವಿರುದ್ಧ. ಚೆಂದದ ನಕ್ಷೆ ಮಾಡಿಸಿ ಪ್ರತಿ ಕಟ್ಟಡದ ಬಾಗಿಲಲ್ಲಿ ಅಂಟಿಸಿದೆವು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಣಕು ಕವಾಯತು ಇಟ್ಟೆವು. 25 ನಿಮಿಷದಲ್ಲಿ ಎಲ್ಲರೂ ಮೈದಾನದಲ್ಲಿ ಸೇರಿದರು, ಚಪ್ಪಾಳೆಯೂ ಬಿತ್ತು. ತಲೆಯೆತ್ತಿದರೆ ಮೂರನೇ ಮಹಡಿಯ ಕಿಟಕಿಯಲ್ಲಿ ಒಬ್ಬ ಅಜ್ಜಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಸೊಂಟದ ಶಸ್ತ್ರಚಿಕಿತ್ಸೆಯಾಗಿ ವಾಕರ್ ಹಿಡಿದು ನಡೆಯುತ್ತಿದ್ದ ಕಾಲ ಅದು. ನೋಡಿಕೊಳ್ಳುವಾಕೆ ಔಷಧಿ ತರಲು ಹೋಗುವಾಗ ಹೊರಗಿನಿಂದ ಬೀಗ ಹಾಕಿದ್ದರು. ಬೀಗ ಕಂಡ ನಮ್ಮ ಸ್ವಯಂಸೇವಕ ಆ ಮನೆಯ ಮುಂದೆ ‘ಖಾಲಿ’ ಎಂದು ಬರೆದುಕೊಂಡು ಮುಂದೆ ನಡೆದಿದ್ದ. ಆ ಹಾಳೆಯನ್ನು ನಾನಿನ್ನೂ ಇಟ್ಟುಕೊಂಡಿದ್ದೇನೆ.

ಇದು ನಮ್ಮೊಬ್ಬರ ಕಥೆಯಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ 2018ರ ನವೆಂಬರ್ 8ರಂದು ಕಾಡ್ಗಿಚ್ಚಿಗೆ ಸಿಕ್ಕಿತು. ಆ ಬೆಂಕಿಯಲ್ಲಿ 85 ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು 65 ದಾಟಿದವರು. ಆ ಪಟ್ಟಣ ತಯಾರಿಯಿಲ್ಲದೆ ಕೂತಿರಲಿಲ್ಲ. 2008ರ ಬೆಂಕಿಯಲ್ಲಿ ರಸ್ತೆಗಳು ಕಟ್ಟಿಕೊಂಡಿದ್ದರಿಂದ ಪಾಠ ಕಲಿತು, ಊರನ್ನು ವಲಯಗಳಾಗಿ ಹಂಚಿ, ಒಂದಾದ ಮೇಲೊಂದರಂತೆ ತೆರವು ಮಾಡುವ ಯೋಜನೆ ಇಟ್ಟುಕೊಂಡಿತ್ತು. ಆದರೆ ಬೆಂಕಿ ಸರದಿ ಕಾಯಲಿಲ್ಲ. ಎಲ್ಲ ವಲಯಗಳೂ ಒಟ್ಟಿಗೇ ಹೊರಡಬೇಕಾಗಿ ಬಂತು. ಆಗ ಹಿಂದುಳಿದವರು ಮೊದಲೇ ನಿಧಾನವಾಗಿ ನಡೆಯುತ್ತಿದ್ದವರು.

ಹಾಗಾಗಿ ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಿ. ವಾಟ್ಸಾಪ್‌ನಲ್ಲಿ ಫಾರ್ಮ್ ಕಳಿಸಿದರೆ ಕೆಲಸ ಕೆಡುತ್ತದೆ. ಉತ್ತರ ಕೊಡುವವರು ಹೇಗೂ ಓಡಬಲ್ಲವರೇ ಆಗಿರುತ್ತಾರೆ. ರಾತ್ರಿ ಮನೆಯಲ್ಲಿ ಎಷ್ಟು ಜನ, ಮಧ್ಯಾಹ್ನ ಎಷ್ಟು ಜನ ಎಂದು ಬೇರೆಬೇರೆಯಾಗಿ ಕೇಳಿ. ಲಿಫ್ಟ್ ಇಲ್ಲದೆ ಇಳಿಯಲಾಗದವರು, ಕಿವಿ ಕೇಳದವರು, ನಿದ್ರೆ ಮಾತ್ರೆ ತೆಗೆದುಕೊಳ್ಳುವವರು, ಆಕ್ಸಿಜನ್ ಯಂತ್ರದ ಮೇಲಿರುವವರು, ಶಾಲೆ ಬಿಟ್ಟ ಮೇಲೆ ದೊಡ್ಡವರು ಬರುವ ತನಕ ಒಂಟಿಯಾಗಿರುವ ಮಕ್ಕಳು, ಹೊಸದಾಗಿ ಹೆತ್ತ ತಾಯಂದಿರು. ಬದಲಿ ಕೀ ಯಾರ ಹತ್ತಿರ ಇದೆ ಎಂಬುದನ್ನು ಮರೆಯದೆ ಬರೆದುಕೊಳ್ಳಿ. ಹೀಗೆ ಗುರುತಿಸಿದ ಪ್ರತಿ ಮನೆಗೂ ಪಕ್ಕದ ಮನೆಗಳಿಂದ ಇಬ್ಬರನ್ನು ಜೋಡಿಸಿ. ಒಬ್ಬರು ಸಾಲದು. ಆ ಹೊತ್ತಿಗೆ ಅವರು ಕೆಲಸಕ್ಕೆ ಹೋಗಿರಬಹುದು, ಊರಲ್ಲಿಲ್ಲದೆ ಇರಬಹುದು. ಇಬ್ಬರಲ್ಲಿ ಒಬ್ಬರು ಹಗಲಿನಲ್ಲಿ ಮನೆಯಲ್ಲೇ ಇರುವವರಾಗಿರಲಿ.

ಈ ಪಟ್ಟಿಯನ್ನು ಗುಂಪಿಗೆ ಹಾಕಬೇಡಿ. ಯಾರ ಮನೆಯಲ್ಲಿ ಯಾರು ಒಂಟಿಯಾಗಿದ್ದಾರೆ ಎಂಬುದು ಕಳ್ಳನಿಗೂ ಬೇಕಾದ ಮಾಹಿತಿ. ಕಾಗದದ ಮೇಲೆ ಮೂರು ಪ್ರತಿ ಮಾಡಿ, ಮೂವರ ಹತ್ತಿರ ಇಡಿ. ಜನ ನಂಬಿ ಹೇಳಿದ್ದನ್ನು ನಂಬಿಕೆಗೆ ತಕ್ಕಂತೆ ಕಾಪಾಡಬೇಕು. ಒಮ್ಮೆ ಅದು ಮುರಿದರೆ ಮುಂದಿನ ವರ್ಷ ಬಾಗಿಲು ತೆರೆಯುವುದಿಲ್ಲ.

ಎರಡನೆಯದು ನಿಮ್ಮ ಆ ಒಂದೇ ದಾರಿಯ ಲೆಕ್ಕ. ಬೆಳಿಗ್ಗೆ ಎಲ್ಲರೂ ಹೊರಡುವ ಹೊತ್ತಿಗೆ ಗಡಿಯಾರ ಹಿಡಿದು ಗೇಟಿನಲ್ಲಿ ನಿಲ್ಲಿ, ಹತ್ತು ನಿಮಿಷದಲ್ಲಿ ಎಷ್ಟು ವಾಹನ ದಾಟುತ್ತವೆ ಎಣಿಸಿ. 300 ಮನೆಗೆ ಒಟ್ಟು 450 ಕಾರು ಎಂದಿಟ್ಟುಕೊಳ್ಳೋಣ. ನಾಲ್ಕು ಸೆಕೆಂಡಿಗೆ ಒಂದರಂತೆ ಹೊರಟರೆ ಎಲ್ಲ ಖಾಲಿಯಾಗಲು ಅರ್ಧ ಗಂಟೆ. ಮುಂದಿನ ದೊಡ್ಡ ರಸ್ತೆ ತುಂಬಿ, ಹನ್ನೆರಡು ಸೆಕೆಂಡಿಗೆ ಒಂದು ಮಾತ್ರ ನುಸುಳಿದರೆ ಒಂದೂವರೆ ಗಂಟೆ. ನಡುವೆ ಒಂದು ಕಾರು ಕೆಟ್ಟು ನಿಂತರೆ ಲೆಕ್ಕವೇ ಇಲ್ಲ. ಈ ಅಂಕಿಯನ್ನು ಸಭೆಯಲ್ಲಿ ಹೇಳಿ ನೋಡಿ. ‘ಮನೆಗೊಂದೇ ಕಾರು, ಉಳಿದದ್ದು ಅಲ್ಲೇ ಇರಲಿ’ ಎಂಬ ನಿಯಮಕ್ಕೆ ನಮ್ಮಲ್ಲಿ ಒಪ್ಪಿಗೆ ಸಿಕ್ಕಿದ್ದು ಈ ಲೆಕ್ಕ ತೋರಿಸಿದ ಮೇಲೆಯೇ.

ಎಲ್ಲರೂ ಹೊರಡುವುದೇ ಕ್ಷೇಮ ಎಂದೂ ತಿಳಿಯಬೇಡಿ. 2005ರ ಸೆಪ್ಟೆಂಬರಿನಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಅಮೆರಿಕದ ಹ್ಯೂಸ್ಟನ್ ಸುತ್ತಲಿನ ಪ್ರದೇಶದಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಒಮ್ಮೆಗೇ ರಸ್ತೆಗಿಳಿದರು. ಹೊರಡುವ ಅಗತ್ಯವೇ ಇಲ್ಲದಿದ್ದವರೂ ಅವರಲ್ಲಿದ್ದರು. ಬಿಸಿಲಲ್ಲಿ ಗಂಟೆಗಟ್ಟಲೆ ನಿಂತ ವಾಹನಗಳಲ್ಲಿ, ಅಪಘಾತಗಳಲ್ಲಿ ಸತ್ತವರು ಬಿರುಗಾಳಿಗೆ ಸಿಕ್ಕಿ ಸತ್ತವರಿಗಿಂತ ಬಹಳ ಹೆಚ್ಚು. ವೃದ್ಧಾಶ್ರಮದವರನ್ನು ಸಾಗಿಸುತ್ತಿದ್ದ ಒಂದು ಬಸ್ಸಿಗೆ ಬೆಂಕಿ ಹತ್ತಿ 23 ಜನ ಹೋದರು. ಯಾವ ಅಪಾಯಕ್ಕೆ ಯಾರು ಹೊರಡಬೇಕು, ಯಾರು ಇದ್ದಲ್ಲೇ ಇರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬೇಕಾದ್ದು ಇದಕ್ಕೇ.

ಪ್ರವಾಹದಲ್ಲಿ ರಸ್ತೆ ಮುಳುಗುವ ಮೊದಲೇ ಹೊರಟರೆ ಸರಿ. ತಡವಾದರೆ ಗಟ್ಟಿ ಕಟ್ಟಡದ ಮೇಲಿನ ಮಹಡಿಗೆ ಹೋಗುವುದು ಕಾರಿನಲ್ಲಿ ಕೂರುವುದಕ್ಕಿಂತ ಎಷ್ಟೋ ಮೇಲು. ರಭಸದಿಂದ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ನಿಂತ ಮನುಷ್ಯನನ್ನು ಕೆಡವಬಲ್ಲದು. 30 ಸೆಂಟಿಮೀಟರ್ ಸಣ್ಣ ಕಾರನ್ನು ತೇಲಿಸಬಲ್ಲದು, 60 ಆದರೆ ಹೆಚ್ಚಿನ ವಾಹನಗಳು ಕೊಚ್ಚಿಹೋಗುತ್ತವೆ. ವಿಷಾನಿಲ ಸೋರಿದರೆ ಅಧಿಕಾರಿಗಳು ಹೇಳುವ ತನಕ ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ಎ.ಸಿ. ಆರಿಸಿ ಒಳಗಿರುವುದೇ ಎಷ್ಟೋ ಸಲ ಸರಿಯಾದ ದಾರಿ. ಹೊರಡಲೇಬೇಕಾದರೆ ಗಾಳಿಗೆ ಅಡ್ಡಲಾಗಿ ಸಾಗಬೇಕು, ಗಾಳಿ ಹೋಗುವ ಕಡೆಗೇ ಓಡಬಾರದು. ಬೆಂಕಿಗೆ ಮೆಟ್ಟಿಲೇ ಗತಿ, ಲಿಫ್ಟ್ ಮುಟ್ಟಬಾರದು.

ಒಳಗೇ ಇರಿ ಎಂಬ ಸೂಚನೆಗೂ ಒಂದು ಮಿತಿಯಿದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್ 2017ರ ಜೂನ್ 14ರಂದು ಹೊತ್ತಿ ಉರಿದಾಗ, ಮನೆಯೊಳಗೇ ಇರಿ ಎಂದು ನಿವಾಸಿಗಳಿಗೆ ಹೇಳಲಾಗಿತ್ತು. ಬೆಂಕಿ ಹೊರಗೋಡೆಯ ಹೊದಿಕೆ ಹಿಡಿದು ಮೇಲೇರಿದರೂ ಆ ಸೂಚನೆ ಬದಲಾಗಲು ಸುಮಾರು ಎರಡು ಗಂಟೆ ಹಿಡಿಯಿತು. 72 ಜನ ಪ್ರಾಣ ಬಿಟ್ಟರು. ಆದ್ದರಿಂದ ಯೋಜನೆಯಲ್ಲಿ ಒಂದು ಸಾಲು ಕಡ್ಡಾಯವಾಗಿ ಇರಲಿ: ಮೊದಲ ಸೂಚನೆ ತಪ್ಪೆಂದು ಗೊತ್ತಾದರೆ ಅದನ್ನು ಬದಲಿಸುವವರು ಯಾರು, ಆ ಮಾತು ಪ್ರತಿ ಬಾಗಿಲಿಗೆ ತಲುಪುವುದು ಹೇಗೆ.

ಸುದ್ದಿ ಮುಟ್ಟಿಸುವ ವಿಷಯದಲ್ಲಿ ಫೋನನ್ನು ನೆಚ್ಚಿಕೊಳ್ಳಬೇಡಿ. ಹವಾಯಿಯ ಲಹೈನಾದಲ್ಲಿ 2023ರ ಆಗಸ್ಟ್ 8ರಂದು ಬೆಂಕಿ ಬಂದಾಗ ಎಚ್ಚರಿಕೆಯ ಸೈರನ್‌ಗಳು ಇದ್ದೂ ಕೂಗಲಿಲ್ಲ. ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಕಡಿದುಹೋಗಿತ್ತು. ಕೊನೆಗೆ ಉಳಿಯುವುದು ಬಾಗಿಲು ಬಡಿಯುವ ಕೈ. ಹತ್ತು ಹದಿನೈದು ಮನೆಗೊಬ್ಬರಂತೆ ಬಡಿಯುವವರನ್ನು ನೇಮಿಸಿ, ಅವರ ಕೈಗೊಂದು ಸೀಟಿ, ಒಂದು ಟಾರ್ಚ್ ಕೊಡಿ. ಇನ್ನೊಂದು ಮಾತು: ಮೊದಲ ಎಚ್ಚರಿಕೆಗೆ ಜನ ಏಳುವುದಿಲ್ಲ. ಕಿಟಕಿಯಿಂದ ಇಣುಕುತ್ತಾರೆ, ಪಕ್ಕದವರನ್ನು ವಿಚಾರಿಸುತ್ತಾರೆ, ಮಗನಿಗೆ ಫೋನು ಹಚ್ಚುತ್ತಾರೆ. ಇದು ಮೊಂಡುತನವಲ್ಲ, ಮನುಷ್ಯ ಸ್ವಭಾವ. ಮಾತು ಸ್ಪಷ್ಟವಾಗಿದ್ದಷ್ಟೂ ಈ ತಡ ಕಡಿಮೆಯಾಗುತ್ತದೆ. ‘ಅಪಾಯವಿದೆ, ಎಚ್ಚರವಾಗಿರಿ’ ಎಂದರೆ ಯಾರೂ ಕದಲುವುದಿಲ್ಲ. ‘ಪೂರ್ವದ ಕಟ್ಟಡಕ್ಕೆ ಬೆಂಕಿ ಹತ್ತಿದೆ. ಈಗಲೇ ಮೆಟ್ಟಿಲಿಳಿದು ಹಿಂದಿನ ಗೇಟಿನಿಂದ ಮೈದಾನಕ್ಕೆ ನಡೆಯಿರಿ. ಕಾರು ತೆಗೆಯಬೇಡಿ’ ಎಂದರೆ ಕಾಲು ಏಳುತ್ತದೆ. ಇಂಥ ನಾಲ್ಕೈದು ಮಾತುಗಳನ್ನು ಈಗಲೇ ಬರೆದಿಡಿ. ತೆರವಿನ ಆಜ್ಞೆ ಕೊಡುವ ಅಧಿಕಾರವನ್ನೂ ಮೂವರ ಹೆಸರಿಗೆ ಕ್ರಮವಾಗಿ ಬರೆದಿಡಿ. ಅಧ್ಯಕ್ಷರು ಫೋನು ಎತ್ತಲಿಲ್ಲವೆಂದು ಬಡಾವಣೆ ಕಾಯುವಂತಾಗಬಾರದು.

ಹಿಂದಿನ ಗೇಟು ಎಂದೆ. ಕಾರಿಗೆ ಒಂದೇ ದಾರಿಯಿದ್ದರೂ ನಡೆದು ಹೋಗಲು ಇನ್ನೊಂದು ದಾರಿ ಇದ್ದೇ ಇರುತ್ತದೆ, ಇಲ್ಲವಾದರೆ ಮಾಡಿಸಬಹುದು. ಕಾಂಪೌಂಡಿನಲ್ಲಿ ಒಂದಾಳು ಅಗಲದ ಬಾಗಿಲು ಸಾಕು. ವೀಲ್‌ಚೇರ್ ಹಾಯುವಷ್ಟಿದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಅಂಥದ್ದೊಂದು ಮೊದಲಿಂದಲೂ ಇತ್ತು. ತೆರೆಯಲು ಹೋದಾಗ ತಿರುಗಣೆ ತುಕ್ಕು ಹಿಡಿದಿತ್ತು, ಕೀ ಯಾರ ಹತ್ತಿರವೂ ಇರಲಿಲ್ಲ. ಈಗ ತಿಂಗಳಿಗೊಮ್ಮೆ ತೆರೆದು ಎಣ್ಣೆ ಬಿಡುತ್ತೇವೆ. ಕೀ ಗಾಜಿನ ಪೆಟ್ಟಿಗೆಯಲ್ಲಿ ಪಕ್ಕದಲ್ಲೇ ತೂಗುತ್ತದೆ. ನಿಮ್ಮ ಯೋಜನೆಯಲ್ಲಿ ದುಡ್ಡು ಖರ್ಚು ಮಾಡಬೇಕಾದ ಒಂದೇ ಕೆಲಸವಿದ್ದರೆ ಅದು ಈ ಬಾಗಿಲು.

ಸೇರುವ ಜಾಗವನ್ನು ಅನುಕೂಲ ನೋಡಿ ಆರಿಸಬೇಡಿ. ಜಪಾನಿನ ಕಮೈಶಿಯಲ್ಲಿ 2011ರ ಮಾರ್ಚ್ 11ರ ಸುನಾಮಿಯ ದಿನ ನಡೆದ ಎರಡು ಸಂಗತಿಗಳನ್ನು ನಮ್ಮ ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಉನೊಸುಮಾಯಿ ಎಂಬ ಭಾಗದಲ್ಲಿ ಹತ್ತಿರವಿದೆ ಎಂದು ವಿಪತ್ತು ಕೇಂದ್ರದ ಕಟ್ಟಡದಲ್ಲೇ ಅಭ್ಯಾಸ ನಡೆಸುತ್ತಿದ್ದರು. ಸುನಾಮಿಗೆ ಗೊತ್ತುಮಾಡಿದ್ದ ಆಶ್ರಯ ಅದಾಗಿರಲಿಲ್ಲ. ಆ ದಿನ ಜನ ಅಭ್ಯಾಸದಂತೆ ಅಲ್ಲಿಗೇ ಹೋದರು. ನೀರು ಆ ಕಟ್ಟಡವನ್ನೇ ನುಂಗಿತು, ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಭಾಗದ ಶಾಲೆಯ ಮಕ್ಕಳು ನಿಗದಿಯಾದ ಜಾಗ ತಲುಪಿದರೂ, ಪಕ್ಕದ ಗುಡ್ಡ ಕುಸಿಯುತ್ತಿರುವುದನ್ನು ಕಂಡು ಇನ್ನೂ ಎತ್ತರಕ್ಕೆ, ಅಲ್ಲಿಂದ ಮತ್ತೂ ಎತ್ತರಕ್ಕೆ ಓಡಿ ಬದುಕಿದರು. ಹಾಗಾಗಿ ಒಂದು ಜಾಗ ಸಾಲದು. ಎರಡನೆಯದೂ ಇರಲಿ, ಮೊದಲನೆಯದನ್ನು ಯಾವಾಗ ಬಿಟ್ಟು ಹೊರಡಬೇಕು ಎಂಬುದೂ ಗೊತ್ತಿರಲಿ.

ಆ ಕರಾವಳಿಯಲ್ಲಿ ‘ತೆಂದೆಂಕೊ’ ಎಂಬ ಹಳೆಯ ಮಾತಿದೆ: ಪ್ರತಿಯೊಬ್ಬರೂ ತಂತಮ್ಮಷ್ಟಕ್ಕೆ ಓಡಿ. ಮೊದಲು ಕೇಳಿದಾಗ ಕಲ್ಲೆದೆಯ ಮಾತು ಅನ್ನಿಸಿತ್ತು. ಆಮೇಲೆ ಅರ್ಥವಾಯಿತು. ನನ್ನ ಮಗು ಓಡಿರುತ್ತದೆ ಎಂದು ನನಗೆ ಗೊತ್ತಿದ್ದರೆ, ನಾನು ಅದನ್ನು ಹುಡುಕಿಕೊಂಡು ವಾಪಸು ಬರುವುದಿಲ್ಲ. ನಿಮ್ಮ ಒಂದೇ ದಾರಿಯಲ್ಲಿ ಎಲ್ಲರೂ ಹೊರಗೆ ನುಗ್ಗುವಾಗ ಕೆಲಸದಿಂದ ಓಡಿಬಂದ ತಂದೆತಾಯಂದಿರು ಎದುರಿನಿಂದ ಒಳನುಗ್ಗಿದರೆ ಏನಾದೀತು ಎಂದು ಕಲ್ಪಿಸಿಕೊಳ್ಳಿ. ಮಗುವನ್ನು ಕರೆದೊಯ್ಯುವವರು ಯಾರು, ಎಲ್ಲಿ ಸೇರುತ್ತೇವೆ ಎಂದು ಪ್ರತಿ ಮನೆಯೂ ಮೊದಲೇ ಮಾತಾಡಿಕೊಂಡಿರಬೇಕು. ಈ ಮಾತುಕತೆ ನಡೆಸುವುದು ಬಹಳ ಕಷ್ಟ, ತಾಯಂದಿರು ಅಳುತ್ತಾರೆ. ಆದರೂ ನಡೆಸಿ.

ಸಾಕುಪ್ರಾಣಿಗಳನ್ನು ಬಿಟ್ಟು ಬನ್ನಿ ಎಂದರೆ ಹಲವರು ಬರುವುದೇ ಇಲ್ಲ. ಕತ್ರಿನಾ ಚಂಡಮಾರುತದಲ್ಲಿ ಇದು ಕಣ್ಣಿಗೆ ಬಿದ್ದ ಮೇಲೆ ಅಮೆರಿಕ 2006ರಲ್ಲಿ ಕಾನೂನನ್ನೇ ಮಾಡಿತು. ಅವಕ್ಕೂ ಜಾಗ ಇಡಿ. ಚೀಲದ ವಿಷಯ ಎಲ್ಲ ಕಡೆ ಬರೆದಿದ್ದಾರೆ. ಔಷಧಿ, ಕನ್ನಡಕ, ಕಾಗದಪತ್ರದ ಪ್ರತಿ, ನೀರು, ಟಾರ್ಚ್ ಬಾಗಿಲ ಹತ್ತಿರ ಇದ್ದರೆ ಸಾಕು.

ಕವಾಯತನ್ನು ಮಾತ್ರ ಭಾನುವಾರ ಬೆಳಿಗ್ಗೆಗೆ ಸೀಮಿತ ಮಾಡಬೇಡಿ. ನಾವು ಎರಡನೆಯದನ್ನು ರಾತ್ರಿ ಒಂಬತ್ತಕ್ಕೆ, ಮೆಟ್ಟಿಲ ದೀಪ ಆರಿಸಿ, ಮುಖ್ಯ ಗೇಟು ಮುಚ್ಚಿದೆ ಎಂದು ಹೇಳಿ ಮಾಡಿದೆವು. 25 ನಿಮಿಷದ ಕೆಲಸ 55 ನಿಮಿಷ ಹಿಡಿಯಿತು. ಆದರೆ ಅಜ್ಜಿ ಆ ಸಲ ಮೈದಾನದಲ್ಲಿದ್ದರು. ಪಕ್ಕದ ಮನೆಯ ಇಬ್ಬರು ಹುಡುಗರು ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಬಟ್ಟೆಯಿಂದ ಬಿಗಿದು, ಮೂರು ಮಹಡಿ ಇಳಿಸಿದ್ದರು. ಬರಿಯ ಅದಕ್ಕೇ ಹನ್ನೊಂದು ನಿಮಿಷ. ಕುರ್ಚಿ ಈಗ ಅವರ ಬಾಗಿಲ ಹೊರಗೇ ಇರುತ್ತದೆ.

ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ತಿದ್ದಿ, ಬಾಡಿಗೆಯವರು ಬದಲಾಗುತ್ತಿರುತ್ತಾರೆ. ನಿಮ್ಮ ಗೇಟಿನಲ್ಲಿ ಹತ್ತು ನಿಮಿಷಕ್ಕೆ ಎಷ್ಟು ವಾಹನ ದಾಟುತ್ತವೆ ಎಂದು ಎಣಿಸಿದ ಮೇಲೆ ಇಲ್ಲೇ ಬರೆಯಿರಿ, ಮುಂದಿನ ಲೆಕ್ಕವನ್ನು ಜೊತೆಯಲ್ಲಿ ಮಾಡೋಣ.