ಅಂಗಾಂಗ ಕಸಿ: ಸರದಿ ಯಾರದು?

ಪ್ರಶ್ನೆ: ನನ್ನ ಅಣ್ಣ ಮೂರು ವರ್ಷಗಳಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾನೆ. ಕಿಡ್ನಿ ಕಸಿಗಾಗಿ ಹೆಸರು ನೋಂದಾಯಿಸಿದ್ದೇವೆ. ಅದೇ ಡಯಾಲಿಸಿಸ್ ಕೇಂದ್ರಕ್ಕೆ ಬರುತ್ತಿದ್ದ, ನಮಗಿಂತ ತಡವಾಗಿ ಹೆಸರು ಬರೆಸಿದ ಒಬ್ಬರಿಗೆ ಹೋದ ತಿಂಗಳು ಕಿಡ್ನಿ ಸಿಕ್ಕಿತು. ವಶೀಲಿ ಇಲ್ಲದೆ ಇದು ಸಾಧ್ಯವೇ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಸಾಧ್ಯ. ಕಾಯುವವರ ಪಟ್ಟಿಯನ್ನು ನಾವು ಪಡಿತರ ಅಂಗಡಿಯ ಸಾಲಿನಂತೆ ಭಾವಿಸಿ, ಮೊದಲು ನಿಂತವರಿಗೆ ಮೊದಲು ಸಿಗಬೇಕೆಂದುಕೊಳ್ಳುತ್ತೇವೆ. ಆದರೆ ಮಿದುಳು ನಿಷ್ಕ್ರಿಯಗೊಂಡ ದಾನಿಯೊಬ್ಬರ ಕಿಡ್ನಿ ಲಭ್ಯವಾದಾಗಲೆಲ್ಲ, ಆ ಕಿಡ್ನಿ ಯಾರ ದೇಹಕ್ಕೆ ಹೊಂದುತ್ತದೆ ಎಂಬುದರ ಮೇಲೆ ಹೆಸರುಗಳ ಕ್ರಮವನ್ನು ಹೊಸದಾಗಿ ನಿರ್ಧರಿಸಬೇಕಾಗುತ್ತದೆ. ಮೊದಲು ನೋಡುವುದು ರಕ್ತದ ಗುಂಪನ್ನು. ನಿಮ್ಮ ಅಣ್ಣನವರದು ‘ಒ’ ಗುಂಪಾಗಿದ್ದರೆ ಅವರು ‘ಒ’ ಗುಂಪಿನ ದಾನಿಗಾಗಿಯೇ ಕಾಯಬೇಕು. ‘ಎಬಿ’ ಗುಂಪಿನ ರೋಗಿಗೆ ಯಾವ ಗುಂಪಿನ ಕಿಡ್ನಿಯಾದರೂ ಹೊಂದಬಹುದು. ಆ ಬಳಿಕ ಅಂಕಗಳ ಲೆಕ್ಕ ಬರುತ್ತದೆ. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯಾದ ‘ನೋಟೊ’ದ ಮಾರ್ಗಸೂಚಿಯಲ್ಲಿ ಡಯಾಲಿಸಿಸ್‌ನಲ್ಲಿ ಕಳೆದ ಪ್ರತಿ ತಿಂಗಳಿಗೂ ಅಂಕವಿದೆ, ಜೊತೆಗೆ ಮಕ್ಕಳಿಗೆ, ಡಯಾಲಿಸಿಸ್‌ಗೆ ಸೂಜಿ ಚುಚ್ಚಲು ಫಿಸ್ಟುಲಾ ಮಾಡುವ ಜಾಗಗಳೆಲ್ಲ ವಿಫಲವಾದವರಿಗೆ, ಹಿಂದೆ ತಾವೇ ಕಿಡ್ನಿ ದಾನ ಮಾಡಿ ಈಗ ಕಾಯಿಲೆ ಬಿದ್ದವರಿಗೆ ಹೆಚ್ಚಿನ ಅಂಕಗಳಿವೆ. ಹೀಗಾಗಿ ಆ ವ್ಯಕ್ತಿ ಹೆಸರು ಬರೆಸಿದ್ದು ತಡವಾಗಿದ್ದರೂ ಡಯಾಲಿಸಿಸ್ ಶುರುವಾದದ್ದು ಮೊದಲೇ ಇದ್ದಿರಬಹುದು. ಕೊನೆಯ ಹಂತದಲ್ಲಿ ದಾನಿಯ ಜೀವಕೋಶಗಳನ್ನೂ ರೋಗಿಯ ರಕ್ತವನ್ನೂ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆ ಇರುತ್ತದೆ. ಅಲ್ಲಿ ಹೊಂದದಿದ್ದರೆ, ಅಥವಾ ಕರೆ ಬಂದ ದಿನ ರೋಗಿಗೆ ಸೋಂಕು, ಜ್ವರ ಇದ್ದರೆ, ಅವಕಾಶ ಮುಂದಿನವರಿಗೆ ಹೋಗುತ್ತದೆ.

ಆದರೂ ನಿಮ್ಮ ಅನುಮಾನ ಎಲ್ಲಿಂದ ಹುಟ್ಟಿತೆಂಬುದು ನನಗೆ ಅರ್ಥವಾಗುತ್ತದೆ. 1990ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನಲ್ಲಿ ಬಡವರ ಕಿಡ್ನಿಗಳು ಮಾರಾಟವಾಗುತ್ತಿದ್ದವು. 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂದುದೇ ಇಂಥ ದಂಧೆಯನ್ನು ತಡೆಯಲು, ಮತ್ತು 2011ರ ತಿದ್ದುಪಡಿಯ ನಂತರ ಅಂಗಾಂಗ ವ್ಯಾಪಾರಕ್ಕೆ 5ರಿಂದ 10 ವರ್ಷಗಳ ಸೆರೆವಾಸವಿದೆ. ಗಮನಿಸಬೇಕಾದ ಸಂಗತಿಯೆಂದರೆ, ಆ ದಂಧೆ ನಡೆದದ್ದು ಬದುಕಿರುವವರ ಕಿಡ್ನಿಗಳಲ್ಲಿ. ಮೃತ ದಾನಿಗಳ ಅಂಗಾಂಗಗಳನ್ನು ನಮ್ಮ ರಾಜ್ಯದಲ್ಲಿ ಹಂಚುವುದು ಸರ್ಕಾರದ ‘ಜೀವಸಾರ್ಥಕತೆ’ ಸಂಸ್ಥೆ. ಅಲ್ಲಿ ಅಂಕಗಳ ದಾಖಲೆ ಉಳಿಯುತ್ತದೆ.

ಈ ವ್ಯವಸ್ಥೆಯಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶವೂ ಇದೆ. ದಾನಿ ಇರುವ ಆಸ್ಪತ್ರೆಯೇ ಕಸಿ ಕೇಂದ್ರವಾಗಿದ್ದರೆ ಒಂದು ಕಿಡ್ನಿ ಆ ಆಸ್ಪತ್ರೆಯ ರೋಗಿಗೂ ಇನ್ನೊಂದು ಸಾಮಾನ್ಯ ಪಟ್ಟಿಗೂ ಹೋಗುವ ಪದ್ಧತಿ ಇದೆ. ದಾನಿಯ ದೇಹವನ್ನು ಗಂಟೆಗಟ್ಟಲೆ ಕಾಪಾಡಿ, ಕುಟುಂಬದವರೊಡನೆ ಮಾತನಾಡುವ ಆಸ್ಪತ್ರೆಗೆ ಉತ್ತೇಜನ ಬೇಕೆಂಬ ವಾದದಲ್ಲಿ ಹುರುಳಿದೆ. ಆದರೆ ಇದರಿಂದ ನೀವು ಎಲ್ಲಿ ಹೆಸರು ಬರೆಸಿದಿರಿ ಎಂಬುದೇ ನಿಮ್ಮ ಅದೃಷ್ಟವನ್ನು ಸ್ವಲ್ಪ ಮಟ್ಟಿಗೆ ನಿರ್ಧರಿಸುತ್ತದೆ. ದಾನಿಗಳು ಹೆಚ್ಚು ಸಿಗುವ ನಗರದ ದೊಡ್ಡ ಆಸ್ಪತ್ರೆಯ ವೆಚ್ಚ ಭರಿಸಬಲ್ಲವರಿಗೆ ಅನುಕೂಲವಾಗುತ್ತದೆ. ಎರಡು ಕಿಡ್ನಿಗಳೂ ಸಾಮಾನ್ಯ ಪಟ್ಟಿಗೇ ಸೇರಬೇಕೆಂಬುದು ನನ್ನ ಅಭಿಪ್ರಾಯ. ನೀವು ಸದ್ಯಕ್ಕೆ ನಿಮ್ಮ ಆಸ್ಪತ್ರೆಯ ಕಸಿ ಸಂಯೋಜಕರನ್ನು ಕಂಡು, ಅಣ್ಣನವರ ಹೆಸರು ಪಟ್ಟಿಯಲ್ಲಿ ಸಕ್ರಿಯವಾಗಿದೆಯೇ, ಡಯಾಲಿಸಿಸ್ ಆರಂಭದ ದಿನಾಂಕ ಸರಿಯಾಗಿ ದಾಖಲಾಗಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಕುಡಿದು ಕುಡಿದು ಲಿವರ್ ಹಾಳುಮಾಡಿಕೊಂಡವರಿಗೂ, ಯಾವ ತಪ್ಪೂ ಮಾಡದವರಿಗೂ ಒಂದೇ ಪಟ್ಟಿ ಇರುವುದು ನ್ಯಾಯವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಈ ಪ್ರಶ್ನೆಯನ್ನು ಕೇಳುವವರಲ್ಲಿ ಹೆಚ್ಚಿನವರು ಕುಡಿತದಿಂದ ನೊಂದ ಮನೆಗಳವರು; ಆ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ನನ್ನ ಉತ್ತರ, ಒಂದೇ ಪಟ್ಟಿ ಇರಬೇಕು ಎಂಬುದೇ.

ಯೋಗ್ಯತೆ ನೋಡಿ ಜೀವದಾನ ಮಾಡುವ ಪ್ರಯೋಗ ಒಮ್ಮೆ ನಡೆದಿದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಡಯಾಲಿಸಿಸ್ ಯಂತ್ರಗಳು ಬೆರಳೆಣಿಕೆಯಷ್ಟಿದ್ದವು. ಯಾರಿಗೆ ಯಂತ್ರ, ಯಾರಿಗೆ ಸಾವು ಎಂದು ತೀರ್ಮಾನಿಸಲು ವಕೀಲ, ಪಾದ್ರಿ, ಬ್ಯಾಂಕ್ ಅಧಿಕಾರಿ, ಗೃಹಿಣಿ ಮೊದಲಾದ ಏಳು ಜನರ ಸಮಿತಿಯೊಂದನ್ನು ರಚಿಸಲಾಯಿತು. ಅವರು ರೋಗಿಯ ವಿದ್ಯಾಭ್ಯಾಸ, ಆದಾಯ, ಮಕ್ಕಳ ಸಂಖ್ಯೆ, ಚರ್ಚಿನೊಡನೆ ಒಡನಾಟ ಮುಂತಾದುವನ್ನು ಚರ್ಚಿಸಿ ತೀರ್ಪು ಕೊಡುತ್ತಿದ್ದರು. 1962ರಲ್ಲಿ ‘ಲೈಫ್’ ಪತ್ರಿಕೆ ಇದನ್ನು ಬಯಲಿಗೆ ತಂದಾಗ ಜನ ಬೆಚ್ಚಿದರು, ಏಕೆಂದರೆ ಆ ಸಜ್ಜನರು ತಮ್ಮಂಥ ಮಧ್ಯಮ ವರ್ಗದವರನ್ನೇ ಯೋಗ್ಯರೆಂದು ಕಾಣುತ್ತಿದ್ದರೆಂಬ ಟೀಕೆ ಬಲವಾಗಿ ಎದ್ದಿತು. ನಮ್ಮಲ್ಲಿ ಅಂಥ ಸಮಿತಿ ಕೂತರೆ ಜಾತಿ, ಹಣ, ಊರಿನ ಮರ್ಯಾದೆಗಳು ಯಾವ ಕೆಲಸ ಮಾಡಿಯಾವೆಂದು ನೀವೇ ಊಹಿಸಿ.

ಅಮೆರಿಕದಲ್ಲಿ 2002ರಿಂದ ಲಿವರ್ ಹಂಚಿಕೆಗೆ ‘ಮೆಲ್ಡ್’ ಎಂಬ ಲೆಕ್ಕಾಚಾರವಿದೆ. ಬಿಲಿರುಬಿನ್, ಕ್ರಿಯಾಟಿನಿನ್ (ಸ್ನಾಯುಗಳಿಂದ ರಕ್ತಕ್ಕೆ ಸೇರಿ, ಕಿಡ್ನಿ ಹೊರಹಾಕುವ ತ್ಯಾಜ್ಯ), ರಕ್ತ ಹೆಪ್ಪುಗಟ್ಟುವ ವೇಗ ಇಂಥ ಪರೀಕ್ಷೆಗಳಿಂದ, ಮುಂದಿನ ಮೂರು ತಿಂಗಳಲ್ಲಿ ರೋಗಿ ಸಾಯುವ ಸಂಭವವೆಷ್ಟು ಎಂಬುದನ್ನು ಅದು ಅಂದಾಜು ಮಾಡುತ್ತದೆ. ನಮ್ಮ ದೇಶದ ವೈದ್ಯರೂ ಅದನ್ನು ಬಳಸುತ್ತಾರೆ. ರೋಗಕ್ಕೆ ಕಾರಣ ಯಾರೆಂದು ಆ ಸಂಖ್ಯೆ ಕೇಳುವುದಿಲ್ಲ. ಮದ್ಯದ ವಿಷಯದಲ್ಲಿ ವೈದ್ಯರು ಕೇಳಬೇಕಾದದ್ದು ಮುಂದಿನ ಪ್ರಶ್ನೆ: ಹೊಸ ಲಿವರ್ ಉಳಿಯುವುದೇ? ಅನೇಕ ಕೇಂದ್ರಗಳು ಆರು ತಿಂಗಳು ಕುಡಿತ ಬಿಟ್ಟಿರಬೇಕೆಂದು ಕೇಳುತ್ತವೆ. ಫ್ರಾನ್ಸ್ ಮತ್ತು ಬೆಲ್ಜಿಯಂನ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿಗೆ ಬಗ್ಗದ ತೀವ್ರ ಮದ್ಯಜನ್ಯ ಉರಿಯೂತವಿದ್ದು, ಎಚ್ಚರಿಕೆಯಿಂದ ಆರಿಸಲಾದ ರೋಗಿಗಳಿಗೆ ಕಾಯಿಸದೆ ಕಸಿ ಮಾಡಿದಾಗ ಆರು ತಿಂಗಳ ಬಳಿಕ ಶೇ 77ರಷ್ಟು ಮಂದಿ ಬದುಕಿದ್ದರು; ಕಸಿಯಾಗದ ಅಂಥದೇ ರೋಗಿಗಳಲ್ಲಿ ಬದುಕಿದ್ದವರು ಶೇ 23 ಮಾತ್ರ. ಕುಡಿತ ಬಿಡಿಸುವ ನೆರವು, ಮನೆಯವರ ಬೆಂಬಲ ಇವೆಯೇ ಎಂದು ನೋಡುವುದು ನ್ಯಾಯ. ಶಿಕ್ಷೆಯಾಗಿ ಲಿವರ್ ನಿರಾಕರಿಸುವುದು ನ್ಯಾಯವಲ್ಲ.

ಪ್ರಶ್ನೆ: ದಾನಿಯ ಮನೆಯವರು ‘ನಮ್ಮ ಊರಿನವರಿಗೇ ಕೊಡಿ’ ಎನ್ನಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮೃತ ದಾನಿಯ ಅಂಗಾಂಗಗಳಿಗೆ ಅಂಥ ಷರತ್ತು ಹಾಕುವಂತಿಲ್ಲ, ಪಡೆದವರ ಹೆಸರನ್ನು ದಾನಿಯ ಮನೆಯವರಿಗೆ ತಿಳಿಸುವುದೂ ಇಲ್ಲ. ನೋಂದಣಿಗೆ ಆಯಾ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ನಿಯಮವನ್ನು ಕೈಬಿಡುವಂತೆ ಕೇಂದ್ರ ಸರ್ಕಾರ 2023ರಲ್ಲಿ ರಾಜ್ಯಗಳಿಗೆ ತಿಳಿಸಿದೆ.

ಪ್ರಶ್ನೆ: ನನ್ನ ತಾಯಿ ತಂದೆಗೆ ಕಿಡ್ನಿ ಕೊಟ್ಟರು. ಈಗ ನನ್ನ ಅಕ್ಕನ ಎರಡೂ ಕಿಡ್ನಿಗಳು ಕೆಟ್ಟಿವೆ. ಅವಳ ಗಂಡನ ಮನೆಯವರು ಕಸಿಯ ಮಾತೆತ್ತಿದರೆ ‘ನೋಡೋಣ’ ಎನ್ನುತ್ತಾರೆ. ಹೆಂಗಸರಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಪಟ್ಟಿಯಲ್ಲಿ ಜಾಗವಿದೆ; ಅಲ್ಲಿಗೆ ತಲುಪುವ ಹಾದಿಯಲ್ಲೇ ಅನ್ಯಾಯವಿದೆ. ‘ನೋಟೊ’ದ ಲೆಕ್ಕದ ಪ್ರಕಾರ 1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಕಸಿಗಳಲ್ಲಿ ಮಹಿಳೆಯರಿಗೆ ಸಿಕ್ಕಿದ್ದು 6,945 ಮಾತ್ರ. ಬದುಕಿದ್ದು ಅಂಗ ಕೊಡುವವರಲ್ಲಿ ಮಾತ್ರ ತಾಯಂದಿರು, ಹೆಂಡಂದಿರೇ ಹೆಚ್ಚು. ಯಾವ ಅಂಕಸೂತ್ರವೂ ಹೀಗೆ ಮಾಡೆಂದು ಹೇಳಿಲ್ಲ. ದುಡಿಯುವ ಗಂಡಸು ಉಳಿಯಬೇಕು, ಹೆಂಗಸು ಹೇಗೋ ಡಯಾಲಿಸಿಸ್‌ನಲ್ಲಿ ದಿನ ದೂಡಬಹುದು ಎಂಬ ಮನೆಯೊಳಗಿನ ತೀರ್ಮಾನವೇ ಇದಕ್ಕೆ ಬಹುಮಟ್ಟಿಗೆ ಕಾರಣ. ಸೂತ್ರಗಳೂ ಪೂರ್ತಿ ನಿರ್ದೋಷಿಗಳಲ್ಲ: ಹೆಂಗಸರಲ್ಲಿ ಸ್ನಾಯು ಕಡಿಮೆ ಇರುವುದರಿಂದ ಕ್ರಿಯಾಟಿನಿನ್ ಕಡಿಮೆ ಕಾಣಿಸಿ, ‘ಮೆಲ್ಡ್’ ಲೆಕ್ಕದಲ್ಲಿ ಅವರ ಕಾಯಿಲೆ ಇರುವುದಕ್ಕಿಂತ ಹಗುರವೆನಿಸುತ್ತಿತ್ತು. ಅಮೆರಿಕದಲ್ಲಿ 2023ರಲ್ಲಿ ಅದನ್ನು ತಿದ್ದಲಾಯಿತು. ನಮ್ಮಲ್ಲಿಯೂ 2025ರ ಆಗಸ್ಟ್‌ನಲ್ಲಿ ‘ನೋಟೊ’ ಸಂಸ್ಥೆ, ಕಾಯುತ್ತಿರುವ ಮಹಿಳೆಯರಿಗೂ ಮೃತ ದಾನಿಗಳ ಹತ್ತಿರದ ಬಂಧುಗಳಿಗೂ ಆದ್ಯತೆ ಕೊಡಿರೆಂದು ರಾಜ್ಯಗಳಿಗೆ ಸಲಹೆ ನೀಡಿದೆ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಹೆಸರೇ ಬರೆಸದವರಿಗೆ ಯಾವ ಆದ್ಯತೆಯೂ ಉಪಯೋಗಕ್ಕೆ ಬಾರದು.

ಆದುದರಿಂದ ‘ನೋಡೋಣ’ ಎನ್ನುವವರಿಗಾಗಿ ಕಾಯಬೇಡಿ. ಮೂತ್ರಪಿಂಡ ತಜ್ಞರ ಬಳಿಗೆ ಅಕ್ಕನನ್ನು ನೀವೇ ಕರೆದೊಯ್ದು, ಅವರ ಮೂಲಕ ನೋಂದಣಿ ಮಾಡಿಸಿ. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿರುವ ನೆಫ್ರೊ ಯೂರಾಲಜಿ ಸಂಸ್ಥೆ ಸರ್ಕಾರದ್ದೇ. ಬಿಪಿಎಲ್ ಕಾರ್ಡ್ ಇದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಕಸಿಗೆ ನೆರವು ದೊರೆಯುತ್ತದೆ; ಕಸಿಯ ನಂತರ ಜೀವನಪರ್ಯಂತ ಬೇಕಾಗುವ ಮಾತ್ರೆಗಳ ವೆಚ್ಚವನ್ನು ಈಗಲೇ ವಿಚಾರಿಸಿಕೊಳ್ಳಿ. ಗಂಡನೋ, ನೀವೋ ಕಿಡ್ನಿ ಕೊಡಲು ಮುಂದಾಗಿ ರಕ್ತದ ಗುಂಪು ಹೊಂದದಿದ್ದರೆ, ಅಂಥದೇ ತೊಂದರೆಯಲ್ಲಿರುವ ಇನ್ನೊಂದು ಕುಟುಂಬದೊಡನೆ ಅದಲು ಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ನಿಮ್ಮ ತಾಯಿಯವರ ರಕ್ತದೊತ್ತಡ, ಕ್ರಿಯಾಟಿನಿನ್‌ಗಳನ್ನೂ ವರ್ಷಕ್ಕೊಮ್ಮೆ ತಪ್ಪದೆ ಪರೀಕ್ಷೆ ಮಾಡಿಸಿ.